ಒಂದು ಮಾತು ಕೇಳಬಾರದಿತ್ತೇ?

ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳಲ್ಲಿ ಸರ್ಕಾರದಿಂದ ನೊಂದವರ ಬಾಯಲ್ಲಿ ಮೊದಲು ಬರುವ ಮಾತು ‘ನನ್ನ ಜಮೀನು ಹೋಯಿತು’ ಎಂದಲ್ಲ. ‘ನಮ್ಮನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?’ ಎಂದು. ಕಳೆದುಕೊಂಡದ್ದರ ಲೆಕ್ಕ ಆಮೇಲೆ. ಎಮ್ಮೆದೊಡ್ಡಿಯಂಥ ಕಾಡಂಚಿನ ಊರುಗಳಿಗೆ ಈ ಸಂಕಟ ಹೊಸದಲ್ಲ. ಅಪ್ಪ ಉತ್ತ ಹೊಲವನ್ನು ಮಗ ಉಳುತ್ತಿರುತ್ತಾನೆ, ಪಹಣಿಯಲ್ಲಿ ಅವನ ಹೆಸರಿರುವುದಿಲ್ಲ. ಬಗರ್ ಹುಕುಂ ಎಂದು ನಮೂನೆ 50, 53, 57 ತುಂಬಿ ಕೊಟ್ಟು ಕಾಯುತ್ತಾನೆ. ಕಂದಾಯದವರದೊಂದು ನಕ್ಷೆ, ಅರಣ್ಯದವರದು ಇನ್ನೊಂದು. ಕಾಡು ಉಳಿಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಬೇಲಿ ಎಲ್ಲಿ ಬರಬೇಕೆಂದು ತೀರ್ಮಾನವಾಗುವ ದಿನ ಆ ಮನುಷ್ಯನಿಗೂ ಒಂದು ಜಾಗ ಇರಬೇಕಲ್ಲವೇ?

‘ಒಂದ್ ಮಾತು ಕೇಳ್ಬಾರ್ದಿತ್ತಾ?’ ಎಂಬ ಅವನ ಆ ಪ್ರಶ್ನೆಯ ಮೇಲೆ ದೂರದ ಒಂದು ದೇಶ ತನ್ನ ಸಂವಿಧಾನದ ಒಂದು ಮುಖ್ಯ ಭಾಗವನ್ನೇ ಕಟ್ಟಿಕೊಂಡಿದೆ. 1791ರಲ್ಲಿ ಅಮೆರಿಕದ ಸಂವಿಧಾನಕ್ಕೆ ಸೇರಿದ ಐದನೆಯ ತಿದ್ದುಪಡಿಯ ಪ್ರಕಾರ ಯಾವ ವ್ಯಕ್ತಿಯ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ನ್ಯಾಯವಾದ ಕ್ರಮವಿಲ್ಲದೆ ಕಸಿಯುವಂತಿಲ್ಲ. ಅಲ್ಲಿನವರು ಇದನ್ನು ‘ಡ್ಯೂ ಪ್ರೊಸೆಸ್’ ಎನ್ನುತ್ತಾರೆ. ಮೊದಲು ತಿಳಿಸು, ಕಾರಣ ಹೇಳು, ಅವನ ಮಾತು ಕೇಳು, ಪಕ್ಷಪಾತವಿಲ್ಲದವರು ತೀರ್ಮಾನಿಸಲಿ: ಅದರ ತಿರುಳು ಇಷ್ಟೇ. ಆದರೆ ಆ ದೇಶದಲ್ಲೇ ಲಕ್ಷಾಂತರ ಜನ ಗುಲಾಮರಾಗಿದ್ದರು. ಕಪ್ಪುಜನ ಅಮೆರಿಕದ ಪ್ರಜೆಗಳೇ ಆಗಲಾರರೆಂದು ಅಲ್ಲಿನ ಸುಪ್ರೀಂ ಕೋರ್ಟ್ 1857ರಲ್ಲಿ ಡ್ರೆಡ್ ಸ್ಕಾಟ್ ಎಂಬಾತನ ಮೊಕದ್ದಮೆಯಲ್ಲಿ ಹೇಳಿಬಿಟ್ಟಿತು. ಅಂತರ್ಯುದ್ಧ ಮುಗಿದ ಮೇಲೆ, 1868ರ ಹದಿನಾಲ್ಕನೆಯ ತಿದ್ದುಪಡಿ ಆ ನೆಲದಲ್ಲಿ ಹುಟ್ಟಿದವರಿಗೆ ಪೌರತ್ವ ಕೊಟ್ಟಿತು. ರಾಜ್ಯ ಸರ್ಕಾರಗಳೂ ನ್ಯಾಯವಾದ ಕ್ರಮ ಮೀರಬಾರದೆಂದು ಕಟ್ಟುಹಾಕಿತು. ಎಷ್ಟೊಂದು ರಕ್ತ ಹರಿದ ಮೇಲೆ ಬಂದ ಮಾತು ಅದು!

ಆ ಮಾತು ನಮ್ಮ ಸಂವಿಧಾನಕ್ಕೂ ಬರಬೇಕಿತ್ತು. ಬರದೇ ಹೋದದ್ದರ ಹಿಂದೆ ನಮ್ಮ ಕರಾವಳಿಯ ಮೇಧಾವಿಯೊಬ್ಬರಿದ್ದಾರೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಮಂಗಳೂರಿನ ಬೆನಗಲ್ ನರಸಿಂಗ ರಾವ್ 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಇದನ್ನು ಸೇರಿಸಬೇಡಿ, ಜನ ಆರಿಸಿದ ಶಾಸಕರು ಮಾಡಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ಹೊಡೆದುಹಾಕುವುದಕ್ಕೆ ದಾರಿಯಾಗುತ್ತದೆ ಎಂಬುದು ಫ್ರಾಂಕ್‌ಫರ್ಟರ್ ಕೊಟ್ಟ ಸಲಹೆಯ ಸಾರ. ಅದರಲ್ಲಿ ಹುರುಳಿತ್ತು. ಬ್ರೆಡ್ ಸುಡುವ ಕಾರ್ಮಿಕರನ್ನು ದಿನಕ್ಕೆ 10 ಗಂಟೆಗಿಂತ ಹೆಚ್ಚು ದುಡಿಸಬಾರದೆಂಬ ನ್ಯೂಯಾರ್ಕಿನ ಕಾನೂನನ್ನು ಅಲ್ಲಿನ ಕೋರ್ಟು 1905ರಲ್ಲಿ ಈ ‘ಡ್ಯೂ ಪ್ರೊಸೆಸ್’ ಹೆಸರಿನಲ್ಲೇ ರದ್ದುಮಾಡಿತ್ತು. ಬಡವನ ಗುರಾಣಿ ಧಣಿಯ ಕೈ ಸೇರಿತ್ತು. ಭೂಸುಧಾರಣೆ ಮಾಡಲು ಹೊರಟಿದ್ದ ದೇಶಕ್ಕೆ ಹಾಗಾದೀತೆಂಬ ಭಯ ಸಹಜವೇ. ಹೀಗೆ ನಮ್ಮ 21ನೇ ವಿಧಿಯಲ್ಲಿ ‘ಕಾನೂನು ವಿಧಿಸಿದ ಕ್ರಮ’ ಎಂಬಷ್ಟೇ ಉಳಿಯಿತು. ಆಸ್ತಿಯ ಮಾತೂ ಅಲ್ಲಿಲ್ಲ.

ರಾಯರ ಭಯ ಸರಿಯಾಗಿತ್ತು; ಅದಕ್ಕೆ ನಾವು ತೆತ್ತ ಬೆಲೆ ಮಾತ್ರ ದೊಡ್ಡದು ಎಂದೇ ನನ್ನ ಅನಿಸಿಕೆ. ಕಾನೂನೇ ಅನ್ಯಾಯದ್ದಾದರೆ? 1950ರಲ್ಲಿ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ವಿಚಾರಣೆಯಿಲ್ಲದ ಬಂಧನವನ್ನು ಪ್ರಶ್ನಿಸಿದಾಗ, ಕಾನೂನಿದೆಯಲ್ಲ, ಅಷ್ಟು ಸಾಕು ಎಂಬಂತೆ ಸುಪ್ರೀಂ ಕೋರ್ಟ್ ಉತ್ತರಿಸಿತು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರಿನ ಸೆರೆಮನೆಯಲ್ಲಿದ್ದುಕೊಂಡು ಕರ್ನಾಟಕ ಹೈಕೋರ್ಟಿಗೆ ಮೊರೆಹೋದರು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು 1976ರ ಏಪ್ರಿಲ್‌ನಲ್ಲಿ ಇಂಥ ಬಂದಿಗಳಿಗೆ ಕೋರ್ಟಿನ ಬಾಗಿಲು ಮುಚ್ಚಿದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ಕತ್ತಲೆ ಕಂಡ ಮೇಲೆ, 1978ರ ಜನವರಿಯಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಮೊಕದ್ದಮೆಯಲ್ಲಿ, ಕಾನೂನಿನ ಕ್ರಮ ನ್ಯಾಯಯುತವೂ ವಿವೇಕದ್ದೂ ಆಗಿರಬೇಕು, ಬಾಧಿತರ ಮಾತು ಕೇಳಬೇಕು ಎಂದು ಅದೇ ಕೋರ್ಟ್ ಹೇಳಿತು. ರಾಯರು ಬಿಟ್ಟುಬಂದದ್ದು ಮೂವತ್ತು ವರ್ಷ ಸುತ್ತಿ ನಮ್ಮ ಮನೆಗೇ ಬಂತು.

ಅಮೆರಿಕದ ಇನ್ನೊಂದು ತೀರ್ಪು ನಮ್ಮ ಹಳ್ಳಿಗೆ ಇದಕ್ಕಿಂತ ಹತ್ತಿರ. ನ್ಯೂಯಾರ್ಕ್ ನಗರದಲ್ಲಿ ಸರ್ಕಾರದ ನೆರವಿನಿಂದ ಬದುಕುತ್ತಿದ್ದ ಕೆಲವು ಬಡವರ ಹಣ ನಿಂತುಹೋಯಿತು. ಮೊದಲು ನಿಲ್ಲಿಸಿ, ತಕರಾರಿದ್ದರೆ ಆಮೇಲೆ ಕೇಳುತ್ತೇವೆ ಎಂಬುದು ಅಧಿಕಾರಿಗಳ ಪದ್ಧತಿ. 1970ರ ಗೋಲ್ಡ್‌ಬರ್ಗ್ ವಿರುದ್ಧ ಕೆಲ್ಲಿ ತೀರ್ಪು ಇದನ್ನು ತಿರುವಿಹಾಕಿತು: ಮೊದಲು ಕೇಳಿ, ಆಮೇಲೆ ನಿಲ್ಲಿಸಿ. ನೆರವನ್ನೇ ನಂಬಿದವನ ಅನ್ನ ನಿಂತರೆ ಹೋರಾಡುವ ಶಕ್ತಿಯೂ ಅವನಲ್ಲಿ ಉಳಿಯುವುದಿಲ್ಲ ಎಂಬುದನ್ನು ನ್ಯಾಯಮೂರ್ತಿ ಬ್ರೆನ್ನನ್ ಗುರುತಿಸಿದರು. ಬರೆಯಲು ಬಾರದವರಿಗೆ ಬಾಯಿಮಾತಿನಲ್ಲೇ ಹೇಳಿಕೊಳ್ಳಲು ಅವಕಾಶ ಬೇಕು ಎಂದರು. ಮುಂದೆ 1976ರಲ್ಲಿ ಅದೇ ಕೋರ್ಟು ಅಂಗವೈಕಲ್ಯ ಭತ್ಯೆಯ ವಿಷಯದಲ್ಲಿ ಸ್ವಲ್ಪ ಹಿಂದೆ ಸರಿಯಿತು, ಅದೂ ನಿಜ. ಆದರೂ ವಿಧವಾ ವೇತನ ಯಾಕೆ ನಿಂತಿತೆಂದು ತಿಳಿಯದೆ ನಾಡಕಚೇರಿಗೆ ಅಲೆಯುವ ಅಜ್ಜಿಯನ್ನು, ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದಾಗಲೇ ಕಾರ್ಡು ರದ್ದಾಗಿದೆಯೆಂದು ತಿಳಿಯುವ ಕೂಲಿಯವನನ್ನು ಕಂಡವರಿಗೆ ಬ್ರೆನ್ನನ್ ಮಾತು ಪರದೇಶದ್ದೆನಿಸದು.

ಇನ್ನೂ ಒಂದು ವಿಷಯ. ಅಲ್ಲಿನ ಆ ತಿದ್ದುಪಡಿಗಳೂ ನಮ್ಮ 21ನೇ ವಿಧಿಯೂ ರಕ್ಷಿಸುವುದು ಪ್ರಜೆಯನ್ನಷ್ಟೇ ಅಲ್ಲ, ವ್ಯಕ್ತಿಯನ್ನು. ಗ್ರೀನ್ ಕಾರ್ಡಿಗೆ ಕಾಯುತ್ತ ಅಮೆರಿಕದಲ್ಲಿರುವ ನಮ್ಮ ಕನ್ನಡದ ಮಕ್ಕಳು ಆ ದೇಶದ ಪ್ರಜೆಗಳಲ್ಲ, ಆದರೂ ಆ ಆಸರೆ ಅವರಿಗುಂಟು. ನಮ್ಮ ಜಿಲ್ಲೆಯ ಕಾಫಿ ತೋಟಗಳಿಗೆ ದೂರದಿಂದ ಬಂದ ಕೂಲಿಕಾರರನ್ನು ನೋಡುವಾಗ ನಮ್ಮ ಕಣ್ಣಿನಲ್ಲೂ ಅದೇ ನ್ಯಾಯ ಇರಬೇಕು.

ಕೇಳಿ ಮಾಡಿದ ಕೆಲಸ ಹೇಗಿರುತ್ತದೆಂಬುದಕ್ಕೂ ನಮ್ಮಲ್ಲೇ ಉದಾಹರಣೆಯಿದೆ. ಭದ್ರಾ ಅಭಯಾರಣ್ಯದೊಳಗಿದ್ದ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳು 2001-02ರ ಸುಮಾರಿಗೆ ಹೊರಬಂದವು. ಬಹಳಷ್ಟು ಮಂದಿ ನೆಲೆನಿಂತದ್ದು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ. ಅದರ ಹಿಂದೆ ವರ್ಷಗಳ ಮಾತುಕತೆಯಿತ್ತು. ಹೋಗುವ ಮುನ್ನ ಜಮೀನಿನ ಮಾತು, ಮನೆಯ ಮಾತು ಆಗಿತ್ತು. ಎಲ್ಲರಿಗೂ ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ, ಹುಟ್ಟಿದ ಊರು ಬಿಟ್ಟ ನೋವಿಗೆ ಪರಿಹಾರವೂ ಇಲ್ಲ. ಆದರೂ ದೇಶದ ಇಂಥ ಸ್ಥಳಾಂತರಗಳಲ್ಲಿ ಭದ್ರಾದ್ದನ್ನು ಒಳ್ಳೆಯ ಉದಾಹರಣೆಯಾಗಿ ತೋರಿಸುತ್ತಾರೆ. ಇದಕ್ಕೆ ವ್ಯತಿರಿಕ್ತವಾಗಿ, 2019ರ ಫೆಬ್ರವರಿ 13ರಂದು ಅರಣ್ಯಹಕ್ಕಿನ ಅರ್ಜಿ ತಿರಸ್ಕೃತವಾದವರನ್ನು ತೆರವು ಮಾಡಿಸಿ ಎಂದು ರಾಜ್ಯಗಳಿಗೆ ಹೇಳಿದ ಸುಪ್ರೀಂ ಕೋರ್ಟೇ, ಅರ್ಜಿಗಳನ್ನು ಸರಿಯಾದ ಕ್ರಮದಲ್ಲಿ ಪರಿಶೀಲಿಸಲಾಗಿದೆಯೇ ಎಂಬ ಪ್ರಶ್ನೆ ಎದ್ದಾಗ, ಫೆಬ್ರವರಿ 28ರಂದು ಆ ಆದೇಶವನ್ನು ತಡೆಹಿಡಿಯಬೇಕಾಯಿತು. ಆ ಎರಡು ವಾರ ಕಾಡಂಚಿನ ಎಷ್ಟು ಮನೆಗಳಲ್ಲಿ ನಿದ್ದೆ ಇತ್ತೋ!

ಸರ್ಕಾರವನ್ನು ಕೇಳುವ ನಾವು ನಮ್ಮನ್ನೂ ಕೇಳಿಕೊಳ್ಳಬೇಕು. ಊರ ಕಟ್ಟೆಯಲ್ಲಿ ಕೂತು ಒಂದು ಮನೆಗೆ ಬಹಿಷ್ಕಾರ ಹಾಕುವಾಗ, ಮಗಳ ಮದುವೆ ನಿಶ್ಚಯ ಮಾಡುವಾಗ, ಗ್ರಾಮಸಭೆ ನಡೆಯದಿದ್ದರೂ ಪುಸ್ತಕಕ್ಕೆ ಸಹಿ ಹಾಕುವಾಗ ನಾವು ಯಾರ ಮಾತು ಕೇಳಿದ್ದೇವೆ? ಮನೆಯಲ್ಲಿ ಕೇಳದವರು ಕಚೇರಿಯಲ್ಲಿ ಕುರ್ಚಿ ಸಿಕ್ಕಾಗ ಕೇಳುತ್ತಾರೆಯೇ? ಅಧಿಕಾರಿಗಳು ಆಕಾಶದಿಂದ ಇಳಿದವರಲ್ಲ, ನಮ್ಮ ಮನೆಗಳಿಂದಲೇ ಹೋದವರು.

ಕಾಡಂಚಿನವರ ಮಟ್ಟಿಗಂತೂ, ಮಾತು ಕೇಳಿಯೇ ತೀರ್ಮಾನಿಸಬೇಕೆಂದು 2006ರ ಅರಣ್ಯಹಕ್ಕು ಕಾಯ್ದೆಯಲ್ಲಿ ಸ್ಪಷ್ಟವಾಗಿ ಬರೆದಿದೆ. ಹಕ್ಕಿನ ನಿರ್ಣಯ ಶುರುವಾಗುವುದು ಗ್ರಾಮಸಭೆಯಿಂದ. ಪರಿಶೀಲನೆ ಮುಗಿಯುವವರೆಗೆ ಕಾಯ್ದೆಯ ವ್ಯಾಪ್ತಿಗೆ ಬರುವ ಯಾರನ್ನೂ ಎಬ್ಬಿಸುವಂತಿಲ್ಲ. ಗ್ರಾಮಸಭೆಯ ನಿರ್ಣಯ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಉಪವಿಭಾಗ ಸಮಿತಿಗೆ, ಅಲ್ಲಿಯೂ ಆಗದಿದ್ದರೆ ಮತ್ತೆ 60 ದಿನದೊಳಗೆ ಜಿಲ್ಲಾ ಸಮಿತಿಗೆ ಮನವಿ ಕೊಡಬಹುದು. ಮನವಿದಾರನಿಗೆ ಹೇಳಿಕೊಳ್ಳಲು ಅವಕಾಶ ಕೊಡದೆ ಅವನ ವಿರುದ್ಧ ಅದನ್ನು ಮುಗಿಸುವಂತಿಲ್ಲ. ಆದ್ದರಿಂದ ಓದುಬರಹ ಬಲ್ಲವರಲ್ಲಿ ನನ್ನದೊಂದು ವಿನಂತಿ: ನೆರೆಮನೆಯವರ ಕೈಗೆ ಹಿಂಬರಹ ಬಂದ ದಿನವೇ ಅದನ್ನು ಓದಿ ಹೇಳಿ, ತಾರೀಕು ನೋಡಿ, ಮನವಿ ಬರೆದುಕೊಡಿ, ಸ್ವೀಕೃತಿ ಪಡೆಯುವವರೆಗೆ ಅವರ ಜೊತೆಗೆ ನಿಲ್ಲಿ.