ಸುವರ್ಣ ರಥದಿಂದಿಳಿದು ಬಾಹುಬಲಿಯೆಡೆಗೆ

ಹಂಪಿಯ ವಿಜಯ ವಿಠ್ಠಲ ದೇಗುಲದ ಅಂಗಳದ ಕಲ್ಲಿನ ರಥ ಎಲ್ಲಿಗೂ ಹೋಗುವುದಿಲ್ಲ. ಅದು ಗರುಡನ ಗುಡಿ. ಅದರ ನೆನಪು ಹೊತ್ತ ‘ಗೋಲ್ಡನ್ ಚಾರಿಯಟ್’ ಎಂಬ ಐಷಾರಾಮಿ ಪ್ರವಾಸಿ ರೈಲು ಮಾತ್ರ 2008ರಲ್ಲಿ ಹೊರಟಿತು, ನಡುವೆ ಕೆಲವು ವರ್ಷ ನಿಂತು ಮತ್ತೆ ಓಡಿತು.

ಬೋಗಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ ಎಂದೆಲ್ಲ ರಾಜವಂಶಗಳ ಹೆಸರು. ಊಟದ ಬೋಗಿಯೊಂದು ‘ನಳ’. ಪಾಕಪ್ರವೀಣನೆಂದು ಇಟ್ಟಿರಬೇಕು, ಜೂಜಿನಲ್ಲಿ ರಾಜ್ಯ ಸೋತು ಕಾಡು ಅಲೆದವನೂ ಅವನೇ! ಬಾರಿನ ಹೆಸರು ‘ಮದಿರಾ’. ಅಲ್ಲಿ ಯಾವ ಗೊಂದಲವೂ ಇಲ್ಲ.

ಮೊದಲ ವರ್ಷಗಳ ಪ್ರವಾಸದಲ್ಲಿ ಶ್ರವಣಬೆಳಗೊಳವೂ ಇತ್ತು. ತೊಡಕು ಶುರುವಾಗುವುದು ಇಲ್ಲೇ. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು, ಉಟ್ಟ ಬಟ್ಟೆಯನ್ನೂ ಬಿಟ್ಟು ನಿಂತ ಬಾಹುಬಲಿಯನ್ನು ಸುಪ್ಪತ್ತಿಗೆಯಿಂದ ಎದ್ದು ಬಂದವರು ನಿಜಕ್ಕೂ ಕಾಣಬಲ್ಲರೇ?

ಜೈನ ಚಿಂತನೆ ಇಲ್ಲಿ ಥಟ್ಟನೆ ತೀರ್ಪು ಕೊಡುವುದಿಲ್ಲ. ಮುನಿಗಳಿಗೆ ಪೂರ್ಣ ತ್ಯಾಗ, ಗೃಹಸ್ಥರಿಗೆ ಅಣುವ್ರತ: ಇರುವುದಕ್ಕೊಂದು ಮಿತಿ ಹಾಕಿಕೊಂಡರೆ ಸಾಕು. ತತ್ತ್ವಾರ್ಥ ಸೂತ್ರದ ಪ್ರಕಾರ ಪರಿಗ್ರಹವೆಂದರೆ ಮೂರ್ಛೆ, ಅಂದರೆ ವಸ್ತುವಿಗಿಂತ ಅದಕ್ಕೆ ಅಂಟಿದ ಮೋಹ. ಬಾಹುಬಲಿಯ 58 ಅಡಿಯ ಆ ಮೂರ್ತಿಯನ್ನು 981ರ ಸುಮಾರಿಗೆ ಮಾಡಿಸಿದ ಚಾವುಂಡರಾಯನೂ ಬಡವನಲ್ಲ, ಗಂಗರ ಮಂತ್ರಿ, ಸೇನಾಪತಿ. ಆದರೆ ಅವನು ಅಲ್ಲಿ ಕೊಟ್ಟು ಹೋದ. ಪ್ರವಾಸಿ ದರ್ಶನವನ್ನೂ ಟಿಕೆಟ್ಟಿನೊಳಗೇ ಕೊಂಡಿರುತ್ತಾನೆ. ಮೋಹ ನುಸುಳುವ ಕಿಂಡಿ ಅದೇ.

ರೈಲು ಬೆಟ್ಟ ಹತ್ತುವುದಿಲ್ಲ. ಮೂರ್ತಿಯಿರುವ ವಿಂಧ್ಯಗಿರಿಯ ಬುಡದಲ್ಲಿ ಎಲ್ಲರೂ ಚಪ್ಪಲಿ ಬಿಡಬೇಕು. ಮೇಲೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು.