ಗೆಲ್ಲುವವರಿಲ್ಲದ ಓಟದಲ್ಲಿ ಮೋಸವುಂಟೆ?



ನಮ್ಮ ಗಡಿನಾಡಿನ ಜಾತ್ರೆಗಳಲ್ಲಿ ಕುಸ್ತಿ, ಗುಂಡು ಎತ್ತುವುದು, ಬಂಡಿ ಓಟ ಇವೆಲ್ಲ ಹಿಂದಿನಿಂದಲೂ ನಡೆದುಬಂದಿವೆ. ಗೆದ್ದವರಾರು, ಸೋತವರಾರು ಎಂಬುದು ಅಲ್ಲಿ ನೆರೆದ ಜನರ ಎದುರಿಗೇ ತೀರ್ಮಾನವಾಗುತ್ತದೆ. ಪೈಲವಾನನ ಬೆನ್ನು ಮಣ್ಣಿಗೆ ತಾಗಿತೋ ಇಲ್ಲವೋ ಎಂಬುದನ್ನು ಕಣದ ಸುತ್ತ ಕುಳಿತ ಸಾವಿರ ಕಣ್ಣುಗಳು ನೋಡುತ್ತವೆ. ಈಚಿನ ವರ್ಷಗಳಲ್ಲಿ ಈ ಸಾಲಿಗೆ ಇನ್ನೊಂದು ಸೇರಿಕೊಂಡಿದೆ. ಜಾತ್ರೆಯ ದಿನ ಬೆಳಗಿನ ತಂಪಿನಲ್ಲಿ ಹುಡುಗರು, ಹೆಣ್ಣುಮಕ್ಕಳು, ಮುದುಕರು ಎಲ್ಲರೂ ಕೂಡಿ ಓಡುವ ಓಟ. ಜನ ಇದಕ್ಕೆ ಮ್ಯಾರಥಾನ್ ಎನ್ನುತ್ತಾರೆ. ಮ್ಯಾರಥಾನ್ ಎಂದರೆ 42.195 ಕಿಲೋಮೀಟರು; ನಮ್ಮದು ಮೂರು. ಹೆಸರಿನ ಮಾತು ಬಿಡೋಣ. ಈ ಓಟದಲ್ಲಿ ಮೊದಲನೆಯವನಿಗೆ ಬಹುಮಾನವಿಲ್ಲ. ಓಡಲಿ, ನಡೆಯಲಿ, ದಾರಿ ಮುಗಿಸಿದವರಿಗೆಲ್ಲ ಒಂದೇ ತರಹದ ಪದಕ, ಆಮೇಲೆ ಉಪ್ಪಿಟ್ಟು, ಚಹಾ.

ಇಂಥದೊಂದು ಓಟವನ್ನು ಗಡಿಭಾಗದ ಒಂದು ಊರಿನಲ್ಲಿ ನೋಡುವ ಪ್ರಸಂಗ ಒದಗಿತ್ತು. ಆರೇಳು ಹುಡುಗರು ಅರ್ಧ ದಾರಿಯಲ್ಲಿ ಜೋಳದ ಹೊಲದ ಬದು ಹಿಡಿದು, ಓಣಿಯೊಳಗೆ ನುಸುಳಿ, ನಗುತ್ತ ಕಮಾನಿನ ಕೆಳಗೆ ಬಂದು ಪದಕ ಹಾಕಿಸಿಕೊಂಡರು. ಸಂಚಾಲಕರಲ್ಲೊಬ್ಬರು ಸಿಟ್ಟಾದರು. ಅಲ್ಲಿಯೇ ಇದ್ದ ಅಡತಿ ಅಂಗಡಿಯ ಸಾಹುಕಾರರು ಅವರನ್ನು ತಡೆದು ನನ್ನ ಕಡೆ ತಿರುಗಿದರು: "ಯಾರೂ ಗೆಲ್ಲಂಗಿಲ್ಲ, ಯಾರೂ ಸೋಲಂಗಿಲ್ಲ ಅಂದಮ್ಯಾಲೆ ಮೋಸ ಆಗೂದು ಯಾರಿಗ್ರಿ, ಕಾರ್ಯದರ್ಶಿಗಳ? ಹುಡುಗರು ನಕ್ಕೋತ ಬಂದಾರ, ಜಾತ್ರಿ ಆತು."

ಈ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕಲಾಗದು. ಪದಕಗಳು ಕಡಿಮೆ ಬಿದ್ದಿದ್ದರೆ ಉತ್ತರ ಸುಲಭವಾಗುತ್ತಿತ್ತು, ಒಬ್ಬರ ಪಾಲನ್ನು ಇನ್ನೊಬ್ಬರು ಕಸಿದರು ಎನ್ನಬಹುದಿತ್ತು. ಆದರೆ ಅಂದು ಪದಕಗಳು ಒಂದು ಚೀಲ ತುಂಬ ಉಳಿದಿದ್ದವು. ಯಾರ ಗಂಟೂ ಹೋಗಲಿಲ್ಲ.

ಪಂದ್ಯದ ಓಟದಲ್ಲಿ ಹೀಗಲ್ಲ. 1980ರ ಏಪ್ರಿಲ್ 21ರಂದು ಅಮೆರಿಕದ ಬಾಸ್ಟನ್ ಮ್ಯಾರಥಾನಿನಲ್ಲಿ ರೋಸಿ ರೂಯಿಜ್ ಎಂಬಾಕೆ ಹೆಂಗಸರಲ್ಲಿ ಮೊದಲಿಗಳಾಗಿ ಬಂದಳು. ದಾರಿಯ ಬಹುಭಾಗವನ್ನು ಅವಳು ಓಡಿಯೇ ಇರಲಿಲ್ಲ, ಕೊನೆಯ ಹಂತದಲ್ಲಿ ನಡುವೆ ಸೇರಿಕೊಂಡಿದ್ದಳು ಎಂಬುದು ಕೆಲವೇ ದಿನಗಳಲ್ಲಿ ಬಯಲಾಯಿತು. ಬಿರುದನ್ನು ಹಿಂತೆಗೆದುಕೊಂಡು ಕೆನಡಾದ ಜಾಕ್ವೆಲಿನ್ ಗರೋ ಎಂಬಾಕೆಗೆ ಕೊಟ್ಟರು. ಅಲ್ಲಿ ಮೋಸ ಯಾರಿಗಾಯಿತು ಎಂಬುದಕ್ಕೆ ಹೆಸರು, ಊರು, ಲೆಕ್ಕ ಎಲ್ಲವೂ ಇದ್ದವು. ಸಾಹುಕಾರರ ವಾದ ಅಲ್ಲಿ ನಿಲ್ಲದು; ನಮ್ಮ ಜಾತ್ರೆಯ ಓಟದಲ್ಲಿ ಮಾತ್ರ ನಿಂತೇ ಇರುತ್ತದೆ.

ಅದೇ 1980ರಲ್ಲಿ, ಆ ಬಾಸ್ಟನ್ ಓಟಕ್ಕೆ ಒಂಬತ್ತು ದಿನ ಮೊದಲು, ಏಪ್ರಿಲ್ 12ರಂದು, ಕೆನಡಾದಲ್ಲಿಯೇ ಇನ್ನೊಂದು ಓಟ ಆರಂಭವಾಗಿತ್ತು. ಟೆರಿ ಫಾಕ್ಸ್ ಎಂಬ 21 ವರ್ಷದ ಯುವಕ. ಕ್ಯಾನ್ಸರಿನಿಂದ 1977ರಲ್ಲಿ ಬಲಗಾಲು ಕಳೆದುಕೊಂಡಿದ್ದವನು. ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ದೇಶದ ಪೂರ್ವ ತೀರದಿಂದ ಪಶ್ಚಿಮ ತೀರಕ್ಕೆ ಕೃತಕ ಕಾಲಿನ ಮೇಲೆ ಓಡುತ್ತೇನೆಂದು ಹೊರಟ. 143 ದಿನ, 5,373 ಕಿಲೋಮೀಟರು ಓಡಿದ. ರೋಗ ಪುಪ್ಪಸಕ್ಕೆ ಹರಡಿದ್ದರಿಂದ ಸೆಪ್ಟೆಂಬರ್ 1ರಂದು ನಿಲ್ಲಿಸಬೇಕಾಯಿತು. ಮರುವರ್ಷ ಜೂನಿನಲ್ಲಿ ತೀರಿಕೊಂಡ. ಅವನ ಹೆಸರಿನಲ್ಲಿ 1981ರಿಂದ ನಡೆಯುತ್ತಿರುವ ಓಟಗಳೂ ನಮ್ಮ ಜಾತ್ರೆಯ ಓಟದ ಹಾಗೆಯೇ, ಗೆಲ್ಲುವವರಿಲ್ಲದವು.

ಅವನ ಎದುರಾಳಿ ಯಾರು? ಯಾರೂ ಇಲ್ಲ. ಬಹುಮಾನ? ಅದೂ ಇಲ್ಲ. ಸಂಗಡ ಗೆಳೆಯ ಓಡಿಸುವ ವ್ಯಾನು ಇತ್ತು. ನಾಲ್ಕು ಮೈಲು ಅದರಲ್ಲಿ ಕೂತು ಹೋಗಿದ್ದರೆ ಕೇಳುವವರಾರು? ಆದರೆ ಅವನು ಸಂಜೆ ಎಲ್ಲಿ ನಿಂತನೋ ಆ ಜಾಗಕ್ಕೆ ಗುರುತು ಮಾಡಿ, ಮರುದಿನ ಅಲ್ಲಿಗೇ ಮರಳಿ ಬಂದು, ಅಲ್ಲಿಂದಲೇ ಓಡುತ್ತಿದ್ದ. ಆ ಗುರುತು ಯಾರಿಗೋಸ್ಕರ ಎಂಬುದನ್ನು ವಿಚಾರಿಸಿದರೆ ನಮ್ಮ ಪ್ರಶ್ನೆಯ ಗಂಟು ಸಡಿಲವಾಗುತ್ತದೆ. ಜನ ಹಣ ಕೊಟ್ಟದ್ದು ಅವನ ಕಿಲೋಮೀಟರುಗಳನ್ನು ಅಳೆದು ನೋಡಿ ಅಲ್ಲ, ಓಡುತ್ತೇನೆಂದ ಅವನ ಮಾತನ್ನು ನಂಬಿ.

ನಾನು ಬಿ.ಕಾಂ. ಓದಿದವನು, ಲೆಕ್ಕದ ಭಾಷೆ ಬೇಗ ನಾಲಗೆಗೆ ಬರುತ್ತದೆ. ಪದಕವೆಂದರೆ ಒಂದು ಜಮಾ ಕಲಮು. "ಇವರು ಈ ದಾರಿ ಮುಗಿಸಿದರು" ಎಂದು ಅದರಲ್ಲಿ ಬರೆದಿರುತ್ತದೆ. ಆಗದ ವ್ಯವಹಾರವನ್ನು ಕಿರ್ದಿಯಲ್ಲಿ ಬರೆದರೆ ಅಂದೇ ಯಾರಿಗೂ ನುಕಸಾನು ಆಗದಿರಬಹುದು. ಆದರೆ ಆ ಪುಸ್ತಕದ ಉಳಿದ ಕಲಮುಗಳ ಬೆಲೆ ಏನಾಯಿತು? ಉಬ್ಬಸದ ತೊಂದರೆಯಿದ್ದೂ ಮೂರು ಕಿಲೋಮೀಟರು ನಡೆದು ಬಂದ ಒಬ್ಬ ನಿವೃತ್ತ ಮಾಸ್ತರರ ಕೊರಳಲ್ಲಿಯೂ ಅಂದು ಅದೇ ಪದಕವಿತ್ತು. ಮೋಸ ಆದದ್ದು ಅವರಿಗೆ, ಗಂಟು ಹೋಗದೆಯೇ. ಸೊಲ್ಲಾಪುರದ ಸಿದ್ಧರಾಮೇಶ್ವರ ಯಾತ್ರೆಯಲ್ಲಿ ಏಳು ನಂದಿಧ್ವಜಗಳು 68 ಲಿಂಗಗಳ ದರ್ಶನಕ್ಕೆ ಹೋಗುತ್ತವೆ. ಅಲ್ಲಿಯೂ ಯಾರೂ ಗೆಲ್ಲುವುದಿಲ್ಲ. ಆದರೂ ಹತ್ತು ಲಿಂಗ ಬಿಟ್ಟು ಅಡ್ಡದಾರಿಯಿಂದ ಬೇಗ ಮುಗಿಸೋಣ ಎಂದು ಯಾರಾದರೂ ಅಂದಾರೆಯೇ?

ಒಂದು ಮಾತು ಸೇರಿಸಬೇಕು. ಪೂರ್ತಿ ಓಡಲಾರದಿರುವುದು ತಪ್ಪಲ್ಲ. ನಡುವೆ ಕಬ್ಬಿನ ಹಾಲು ಕುಡಿಯುತ್ತ ನಿಂತವರಿದ್ದರು, ನಿಲ್ಲಲಿ. ಒಬ್ಬ ಒಕ್ಕಲಿಗರು ಅರ್ಧ ದಾರಿಗೆ "ಸಾಕಾತ್ರಿ, ಎಮ್ಮಿ ಹಿಂಡೂ ಹೊತ್ತಾತು" ಎಂದು ಮನೆ ಕಡೆ ತಿರುಗಿದರು. ಪದಕ ತೆಗೆದುಕೊಳ್ಳಲು ಬರಲೂ ಇಲ್ಲ. ಅವರ ಲೆಕ್ಕ ಚೊಕ್ಕವಾಗಿದೆ.

ಇಷ್ಟಾದರೂ ಹುಡುಗರ ಮೇಲೆ ನನಗೆ ಬಹಳ ಸಿಟ್ಟಿಲ್ಲ. ಅಂದು ಅದಕ್ಕಿಂತ ದೊಡ್ಡ ಸುಳ್ಳು ಕಲಮು ಬಿದ್ದದ್ದು ದೊಡ್ಡವರ ಕೈಯಿಂದ. ಕರಪತ್ರದಲ್ಲಿ "ಎಲ್ಲರ ಓಟ" ಎಂದು ಅಚ್ಚಾಗಿತ್ತು. ಎಂಟೂವರೆಗೆ ಅತಿಥಿಗಳ ಭಾಷಣ ಮುಗಿಯಿತು, ಫೋಟೋ ಆಯಿತು, ಕಮಾನು ಬಿಚ್ಚಿದರು, ಧ್ವನಿವರ್ಧಕ ಟ್ರ್ಯಾಕ್ಟರಿಗೆ ಏರಿತು. ಅದಾದ ಮೇಲೆ ಇಳಕಲ್ ಸೀರೆಯ ಒಬ್ಬ ಮುದುಕಿ ಮೊಮ್ಮಗಳ ಕೈ ಹಿಡಿದು ಬಂದಳು. ಒಂದು ತಿರುವನ್ನೂ ಬಿಟ್ಟಿರಲಿಲ್ಲ. "ಎಲ್ಲಿಗ್ರಿ ಮುಟ್ಟಬೇಕು ನಾವು?" ಎಂದು ಕೇಳಿದಳು. ಗೂಟ ಕೀಳುತ್ತಿದ್ದ ಹುಡುಗನೊಬ್ಬ ಚೀಲದಿಂದ ಎರಡು ಪದಕ ತೆಗೆದು ಕೈಗೆ ಕೊಟ್ಟು, "ನಿಮ್ಮದೂ ಆತು ಬಿಡ್ರಿ, ಆಯಿ" ಎಂದ. ಪದಕ ಸಿಕ್ಕಿತು, ನಿಜ. ಆದರೆ ಮುಟ್ಟುವ ಜಾಗವೇ ಇರಲಿಲ್ಲ. ದಾರಿ ನಡೆಯದವರಿಗೆ ಕಮಾನು ಇತ್ತು, ನಡೆದವಳಿಗೆ ಇಲ್ಲ.

ನಮ್ಮ ದಾಸೋಹದಲ್ಲಿ ಕೊನೆಯ ಪಂಕ್ತಿ ಏಳುವವರೆಗೆ ಬಡಿಸುವವರು ಸೌಟು ಕೆಳಗಿಡುವುದಿಲ್ಲ. ಮೊದಲ ಪಂಕ್ತಿಯಲ್ಲಿ ಯಾರು ಕೂತರೆಂದು ಯಾರೂ ನೆನಪಿಡುವುದಿಲ್ಲ. ಕೊನೆಯ ಪಂಕ್ತಿಗೆ ಹುಗ್ಗಿ ಸಾಲದೆ ಹೋದರೆ ಹತ್ತು ವರ್ಷ ಆಡಿಕೊಳ್ಳುತ್ತಾರೆ. ಗೆಲ್ಲುವವರಿರುವ ಓಟದಲ್ಲಿ ಮೊದಲನೆಯವನಿಗಾಗಿ ಕಮಾನು ಕಟ್ಟುತ್ತಾರೆ. ಗೆಲ್ಲುವವರಿಲ್ಲದಲ್ಲಿ ಅದನ್ನು ಕಟ್ಟುವುದು ಕೊನೆಯವಳಿಗಾಗಿ. ಅವಳು ಮುಟ್ಟುವವರೆಗೆ ಓಟ ಮುಗಿದಿಲ್ಲ, ಭಾಷಣ ಮುಗಿದಿದ್ದರೂ.

ಜಾತ್ರೆಯಾದ ಮೇಲೆ ಕಮಿಟಿಯವರು ಸಲಹೆ ಕೇಳಿದಾಗ ಎರಡು ಹೇಳಿದೆ. ಒಂದು, ಮುಂದಿನ ವರ್ಷ ಬದು ಹಾರಿದ ಹುಡುಗರನ್ನೇ ಆ ತಿರುವಿನಲ್ಲಿ ನೀರಿನ ಕೊಡ ಕೊಟ್ಟು ನಿಲ್ಲಿಸುವುದು. ಇನ್ನೊಂದು, ಕೊನೆಯವರ ಹಿಂದೆ ಒಂದು ಗಾಡಿ ನಿಧಾನ ಬರಬೇಕು, ಅದು ಬರುವವರೆಗೆ ಕಮಾನಿನ ಒಂದು ಹಗ್ಗವನ್ನೂ ಬಿಚ್ಚಬಾರದು. ಗಾಡಿ ಯಾರದೆಂಬ ಚರ್ಚೆ ಸ್ವಲ್ಪ ಹೊತ್ತು ನಡೆಯಿತು. ಸಾಹುಕಾರರು ಕೇಳುತ್ತ ಕೂತಿದ್ದವರು, "ಟೆಂಪೋ ನಂದು, ಡೀಸೆಲ್ ಕಮಿಟಿದು" ಎಂದರು. ಹಾಗೆಯೇ ಬರೆದುಕೊಳ್ಳಲಾಗಿದೆ.