ಹೆಬ್ಬೆರಳೂ ದೇವದತ್ತನೂ

ಮುಂಬಯಿಯ ಬೈಕುಲ್ಲಾ ರೈಲು ನಿಲ್ದಾಣದ ಬಳಿಯ ತರಕಾರಿ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲನೊಬ್ಬನು ಆಧಾರ್ ಪಾವತಿಯ ಪುಟ್ಟ ಯಂತ್ರದ ಮೇಲೆ ಹೆಬ್ಬೆರಳನ್ನೂರಿ ತನ್ನ ಖಾತೆಯ ಹಣವನ್ನೇ ಬೇಡುವಾಗ, ಗೋಣಿಯ ಉಜ್ಜಾಟಕ್ಕೆ ಬೆರಳಿನ ರೇಖೆಗಳು ಸವೆದುಹೋಗಿರುವ ಕಾರಣದಿಂದ ಆ ಯಂತ್ರವು ‘ನೀನು ನೀನಲ್ಲ’ವೆಂದು ನಿರಾಕರಿಸಿತಾದರೆ, ನಮ್ಮ ದಾರ್ಶನಿಕರು ಶತಮಾನಗಳ ಕಾಲ ವಾದಿಸಿದ, ‘ಅಂದು ಕಂಡವನೇ ಇಂದಿನವನೇ?’ ಎಂಬ ಪ್ರಶ್ನೆಯೊಂದು ಸಂತೆಯ ಗದ್ದಲದ ನಡುವೆಯೇ ಎದ್ದು ನಿಲ್ಲುತ್ತದೆ.

ದೇವದತ್ತನೆಂಬ ಯಾವನೋ ಒಬ್ಬನನ್ನು ಮತ್ತೆ ಕಂಡು ‘ಆ ದೇವದತ್ತನೇ ಈತನು’ ಎಂದು ಗುರುತಿಸುವ ಪ್ರತ್ಯಭಿಜ್ಞೆಯು ಯಥಾರ್ಥಜ್ಞಾನವೆಂದು ನೈಯಾಯಿಕರು ಸಾಧಿಸಿದರು. ಕತ್ತರಿಸಿದ ಮೇಲೆ ಮರಳಿ ಬೆಳೆದ ಉಗುರನ್ನು ಹಳೆಯದೆಂದೇ ಭಾವಿಸುವಂತೆ, ಅಲ್ಲಿರುವುದು ಕೇವಲ ಸಾದೃಶ್ಯ, ಏಕತ್ವವಲ್ಲವೆಂದು ಬೌದ್ಧರು ಪ್ರತಿಪಾದಿಸಿದರು. ಯಂತ್ರವು ನಿಸ್ಸಂದೇಹವಾಗಿ ಬೌದ್ಧಪಕ್ಷದ್ದು. ರೇಖೆಗಳು ಕವಲೊಡೆಯುವ, ಮುಗಿಯುವ ಬಿಂದುಗಳನ್ನು ಹಿಂದೆ ಸಂಗ್ರಹಿಸಿದವುಗಳೊಡನೆ ಹೋಲಿಸಿದಾಗ ಸಾಮ್ಯವು ಗೊತ್ತುಪಡಿಸಿದ ಮಿತಿಯನ್ನು ಮುಟ್ಟಿದರೆ ಅದು ಸಮ್ಮತಿಸುತ್ತದೆ. ಅದರಾಚೆಗೆ ಮನುಷ್ಯನನ್ನು ಅದು ಕಂಡುದೇ ಇಲ್ಲ.

ಬೆರಳಚ್ಚಿನಿಂದ ಗುರುತಿಸುವ ಈ ವಿದ್ಯೆಯ ಮೂಲದಲ್ಲಿಯೂ ಅವಿಶ್ವಾಸವೇ ಇದ್ದಿತು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ಆಂಗ್ಲ ಅಧಿಕಾರಿ ವಿಲಿಯಂ ಹರ್ಷೆಲನು ರಾಜ್ಯಧರ ಕೋನಾಯಿಯೆಂಬ ಗುತ್ತಿಗೆದಾರನ ಅಂಗೈಯ ಅಚ್ಚನ್ನು ಕರಾರುಪತ್ರದ ಮೇಲೆ ತೆಗೆದುಕೊಂಡುದು, ಮುಂದೆ ಆತನು ತನ್ನ ರುಜುವನ್ನೇ ಅಲ್ಲಗಳೆಯದಂತೆ ಹೆದರಿಸಲೆಂದು.

ಮತ್ತೆ ದರ್ಶನಕ್ಕೆ ಬಂದರೆ, ವೇದಾಂತಿಯು ಅದೇ ದೇವದತ್ತನ ವಾಕ್ಯದಲ್ಲಿ ದೇಶಕಾಲಾದಿ ಉಪಾಧಿಗಳನ್ನು ಕಳೆದು ವ್ಯಕ್ತಿಯನ್ನು ಉಳಿಸಿಕೊಳ್ಳುತ್ತಾನೆ. ಯಂತ್ರವಾದರೋ ವ್ಯಕ್ತಿಯನ್ನು ಕಳೆದು ಉಪಾಧಿಯೊಂದನ್ನೇ ಉಳಿಸಿಕೊಂಡಿದೆ. ಹಮಾಲನನ್ನು ಬಹುಕಾಲದಿಂದ ಬಲ್ಲ ಪಕ್ಕದ ಈರುಳ್ಳಿ ವ್ಯಾಪಾರಿಯು ‘ಇವನೇ ಅವನು’ ಎಂದು ಎಷ್ಟು ಬಾರಿ ಸಾಕ್ಷಿ ನುಡಿದರೂ, ಆ ಯಂತ್ರದ ಮುಂದೆ ಅದು ಪ್ರಮಾಣವಲ್ಲ.